ಅಗೆಯದೆ ಬೆಳೆಯುವ ಕೈತೋಟ



ಪಟ್ಟಣಗಳಲ್ಲಿ ಮನೆಯ ಮುಂದೆ ನಾಲ್ಕಾರು ಗಜದ ನೆಲವುಳ್ಳವರು ಅದನ್ನು ಹುಲ್ಲುಹಾಸಾಗಿ ಮಾಡಿಟ್ಟುಕೊಳ್ಳುವುದು ಬಹುಕಾಲದಿಂದ ನಡೆದುಬಂದ ರೂಢಿ. ಅದು ಕಣ್ಣಿಗೆ ತಂಪು. ಮಕ್ಕಳ ಆಟಕ್ಕೆ ಅನುಕೂಲ. ಮನೆಗೆ ಒಂದು ಬಗೆಯ ಗಾಂಭೀರ್ಯವನ್ನೂ ಕೊಡತಕ್ಕದ್ದು. ಆದರೆ ಅದೇ ನೆಲದಲ್ಲಿ ಅಡಿಗೆಮನೆಗೆ ಬೇಕಾದ ಸೊಪ್ಪು, ಬದನೆ, ಬೆಂಡೆ, ಹುರುಳಿಕಾಯಿ ಮೊದಲಾದುವನ್ನು ಬೆಳೆಯಬಹುದೆಂಬುದೂ, ಹಾಗೆ ಬೆಳೆಯುವುದಕ್ಕಾಗಿ ಹುಲ್ಲನ್ನು ಅಗೆದು ನೆಲವನ್ನು ತಲೆಕೆಳಗು ಮಾಡಬೇಕಾದ ಅಗತ್ಯವಿಲ್ಲವೆಂಬುದೂ ಅನೇಕರಿಗೆ ತಿಳಿಯದು. ಈ ಎರಡನೆಯ ಸಂಗತಿಯನ್ನೇ ಇಂದು ಮುಖ್ಯವಾಗಿ ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ.

ಮೊದಲು ಹುಲ್ಲುಹಾಸಿನ ವಿಚಾರವಾಗಿ ಒಂದೆರಡು ಮಾತು. ಇದರ ತವರುಮನೆ ಇಂಗ್ಲೆಂಡು. ಅಲ್ಲಿ ಬಿಸಿಲು ಸೌಮ್ಯ. ವರ್ಷದ ಎಲ್ಲಾ ತಿಂಗಳುಗಳಲ್ಲಿಯೂ ಆಗಾಗ ಜಿನುಗುಮಳೆ ಉಂಟು. ಮನುಷ್ಯನು ನೀರೆರೆಯದಿದ್ದರೂ ಹುಲ್ಲು ಹಸುರಾಗಿರುತ್ತದೆ. ಆದರೂ ಒಂದು ಕಾಲಕ್ಕೆ ಅದನ್ನು ಕುಡುಗೋಲಿನಿಂದ ಕೊಯ್ಯಿಸುವ ಅಥವಾ ಕುರಿಗಳಿಂದ ಮೇಯಿಸುವ ಶಕ್ತಿಯುಳ್ಳ ಶ್ರೀಮಂತರು ಮಾತ್ರ ಹುಲ್ಲುಹಾಸನ್ನು ಇಟ್ಟುಕೊಳ್ಳುತ್ತಿದ್ದರು. ೧೮೩೦ರಲ್ಲಿ ಸ್ಟ್ರೌಡ್ ಎಂಬ ಊರಿನ ಬಳಿ ಎಡ್ವಿನ್ ಬಡಿಂಗ್ ಎಂಬಾತನು, ಬಟ್ಟೆಯ ಮೇಲಣ ಜುಂಗನ್ನು ಕತ್ತರಿಸುವ ಯಂತ್ರವನ್ನು ಅನುಸರಿಸಿ, ಹುಲ್ಲು ಕತ್ತರಿಸುವ ಯಂತ್ರವನ್ನು ಕಂಡುಹಿಡಿದನು. ಅಂದಿನಿಂದ ಹುಲ್ಲುಹಾಸು ಮಧ್ಯಮವರ್ಗದವರ ಮನೆಬಾಗಿಲಿಗೂ ಬಂದಿತು. ನಮ್ಮಲ್ಲಿಗೆ ಅದು ದಂಡಿನ ಜನರೊಡನೆ ಬಂದದ್ದು. ೧೮೦೯ರಲ್ಲಿ ಬೆಂಗಳೂರಿನಲ್ಲಿ ದಂಡುಪ್ರದೇಶವು ಸ್ಥಾಪಿತವಾದ ಮೇಲೆ, ಅಲ್ಲಿನ ಬಂಗಲೆಗಳ ಮಾದರಿಯೇ ಕ್ರಮವಾಗಿ ಊರಿನ ಹೊಸ ಬಡಾವಣೆಗಳಿಗೂ ಹಬ್ಬಿತು.

ಆದರೆ ಇಂಗ್ಲೆಂಡಿನ ಆಕಾಶವು ಹುಲ್ಲಿನೊಡನೆ ಬರಲಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ೯೭ ಸೆಂಟಿಮೀಟರು ಮಳೆಯಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಬಿದ್ದುಹೋಗುವುದರಿಂದ, ಡಿಸೆಂಬರಿನಿಂದ ಏಪ್ರಿಲಿನವರೆಗೆ ಹುಲ್ಲಿಗೆ ಕೊಳಾಯಿಯೇ ಗತಿ. ಇದರ ಲೆಕ್ಕವನ್ನು ಯಾರಾದರೂ ಮಾಡಿಕೊಳ್ಳಬಹುದು. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಎತ್ತರದ ನೀರೆಂದರೆ ಸರಿಯಾಗಿ ಒಂದು ಲೀಟರು. ಬೇಸಗೆಯಲ್ಲಿ ಹಸುರು ಹುಲ್ಲು ದಿನವೊಂದಕ್ಕೆ ನಾಲ್ಕರಿಂದ ಐದು ಮಿಲಿಮೀಟರಿನಷ್ಟು ನೀರನ್ನು ಆವಿಯಾಗಿ ಬಿಡುತ್ತದೆ. ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಹುಲ್ಲುಹಾಸು ಸುಮಾರು ೩೭ ಚದರ ಮೀಟರು. ಎಂದಮೇಲೆ ಅದಕ್ಕೆ ದಿನಕ್ಕೆ ೧೫೦ರಿಂದ ೧೮೫ ಲೀಟರು ನೀರು ಬೇಕಾಯಿತು. ನಮ್ಮ ದೇಶದಲ್ಲಿ ಪಟ್ಟಣದ ನೀರಿನ ಸರಬರಾಜನ್ನು ಯೋಜಿಸುವಾಗ ತಲೆಗೆ ದಿನವೊಂದಕ್ಕೆ ೧೩೫ ಲೀಟರು ಎಂದು ಇಟ್ಟುಕೊಳ್ಳುವುದುಂಟು. ಅಂದರೆ ಆ ಹುಲ್ಲು, ಊಟವಿಲ್ಲದೆ ಬರಿಯ ನೀರನ್ನೇ ಕುಡಿಯುವ ಒಬ್ಬ ಹೆಚ್ಚಿನ ಮನೆಯಾಳು! ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರನ್ನು ತೋಟಗಳಿಗೆ ಬಿಡಕೂಡದೆಂದೂ, ಬಿಟ್ಟವರಿಗೆ ೫,೦೦೦ ರೂಪಾಯಿ ದಂಡವೆಂದೂ ಜಲಮಂಡಲಿಯು ಆಜ್ಞೆ ಮಾಡಬೇಕಾಗಿ ಬಂದಿತು.

ಕಾಯಿಪಲ್ಯಕ್ಕೆ ನೀರು ಬೇಡವೇ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತುಂಬಿ ಬೆಳೆದ ಗಿಡವು ಅಷ್ಟೇ ಅಗಲದ ಹುಲ್ಲಿಗಿಂತ ಕಡಮೆ ನೀರನ್ನೇನೂ ಕುಡಿಯುವುದಿಲ್ಲ. ಉಳಿತಾಯವಾಗುವುದು ಬೇರೆ ಕಾರಣಗಳಿಂದ. ತೋಟದಲ್ಲಿ ಕಾಲುದಾರಿಗಳನ್ನು ಕಳೆದರೆ ಮಡಿಗಳ ವಿಸ್ತೀರ್ಣವು ಒಟ್ಟು ನೆಲದ ಮೂರನೆಯ ಎರಡು ಪಾಲಿಗೆ ಮೀರುವುದಿಲ್ಲ. ಮಡಿಯ ಮೇಲೆ ಒಣಹುಲ್ಲನ್ನೊ ತರಗನ್ನೊ ಹೊದಿಸಿದರೆ ಬರಿಯ ನೆಲದಿಂದ ಆರಿಹೋಗುವ ನೀರು ಉಳಿಯುತ್ತದೆ. ಕಡು ಬೇಸಗೆಯಲ್ಲಿ ಕೆಲವು ಮಡಿಗಳನ್ನು ಖಾಲಿ ಬಿಟ್ಟು ಹೊದಿಕೆಯ ಕೆಳಗೆ ವಿಶ್ರಾಂತಿ ಕೊಡಬಹುದು. ಅಕ್ಕಿ ಬೇಳೆ ತೊಳೆದ ನೀರು ಗಿಡಗಳಿಗೆ ಸಲ್ಲುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಎರೆದ ನೀರು ಸೊಪ್ಪಾಗಿ ಒಲೆಯ ಮೇಲಕ್ಕೆ ಬರುತ್ತದೆ.

ಹುಲ್ಲುಹಾಸನ್ನು ತೋಟವಾಗಿ ಮಾರ್ಪಡಿಸುವುದು ಹೊಸ ಯೋಚನೆಯಲ್ಲ. ಎರಡನೆಯ ಮಹಾಯುದ್ಧವು ೧೯೩೯ರಲ್ಲಿ ಆರಂಭವಾದೊಡನೆ ಬ್ರಿಟನ್ನಿನ ಸರಕಾರವು, ವಿಜಯಕ್ಕಾಗಿ ನೆಲವನ್ನು ಅಗೆಯಿರಿ ಎಂಬ ಘೋಷಣೆಯನ್ನು ಹೊರಡಿಸಿತು. ಲಂಡನ್ನಿನ ಗೋಪುರದುರ್ಗದ ಕಂದಕದಲ್ಲಿಯೂ ಕಾಯಿಪಲ್ಯದ ಮಡಿಗಳೆದ್ದವು. ೧೯೪೩ರಲ್ಲಿ ಅಮೆರಿಕದ ಅಧ್ಯಕ್ಷರ ಶ್ವೇತಭವನದ ಹುಲ್ಲುಹಾಸಿನಲ್ಲಿ ಶ್ರೀಮತಿ ಎಲೀನರ್ ರೂಸ್‌ವೆಲ್ಟರು ತರಕಾರಿಯ ತೋಟವನ್ನು ಮಾಡಿಸಿದರು. ನಮ್ಮ ದೇಶದಲ್ಲಿಯೂ ಅದೇ ದಶಕದಲ್ಲಿ ಹೆಚ್ಚು ಆಹಾರ ಬೆಳೆಯುವ ಚಳವಳಿ ನಡೆಯಿತು. ಆಗ ಎಲ್ಲೆಲ್ಲಿಯೂ ಗುದ್ದಲಿಯೇ ಪ್ರಧಾನವಾಗಿದ್ದಿತು. ಆದರೆ ಅದೇ ೧೯೪೩ರಲ್ಲಿ ಎಡ್ವರ್ಡ್ ಫಾಕ್ನರ್ ಎಂಬ ಅಮೆರಿಕದ ಗ್ರಂಥಕರ್ತನು, ನೆಲವನ್ನು ಮಗುಚುವ ನೇಗಿಲಿನಿಂದ ಆಗುವ ಕೇಡುಗಳನ್ನು ವಿವರಿಸಿ ಒಂದು ಪುಸ್ತಕವನ್ನು ಬರೆದು, ವ್ಯವಸಾಯದ ಪಂಡಿತರಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿದನು. ಅದಕ್ಕೆ ಕೆಲವೇ ವರ್ಷಗಳ ಹಿಂದೆ, ೧೯೩೦ರ ದಶಕದಲ್ಲಿ, ಅಮೆರಿಕದ ಮಧ್ಯದ ಬಯಲುಸೀಮೆಯಲ್ಲಿ ಉತ್ತು ಬಿಟ್ಟಿದ್ದ ಹೊಲಗಳ ಮಣ್ಣು ಬರಗಾಲದ ಗಾಳಿಗೆ ಮೋಡದಂತೆ ಎದ್ದು ಹಾರಿಹೋಗಿದ್ದುದರಿಂದ, ಆ ಪ್ರಶ್ನೆಯನ್ನು ತಳ್ಳಿಹಾಕುವಂತೆ ಇರಲಿಲ್ಲ. ೧೯೫೫ರಲ್ಲಿ ಅದೇ ದೇಶದ ರೂತ್ ಸ್ಟೌಟ್ ಎಂಬಾಕೆ, ವರ್ಷವೆಲ್ಲಾ ಒಣಹುಲ್ಲನ್ನು ಹೊದಿಸಿಯೇ ಅಗೆಯದೆ ಬೆಳೆದ ತನ್ನ ತೋಟದ ವಿಚಾರವನ್ನು ಬರೆದಳು. ಜಪಾನಿನ ಮಸನೊಬು ಫುಕುವೊಕ ಎಂಬ ರೈತನು ತಾನು ಉಳದೆ ಬತ್ತ, ಜವೆಗೋದಿಗಳನ್ನು ಬೆಳೆದ ಬಗೆಯನ್ನು ೧೯೭೫ರಲ್ಲಿ ಪ್ರಕಟಿಸಿದನು.

ಈ ಮಾತು ನಮ್ಮ ಕಿವಿಗೆ ಸ್ವಲ್ಪ ವಿಪರೀತವಾಗಿ ಕೇಳುವುದು ಸಹಜ. ಯುಗಾದಿಯ ವೇಳೆಗೆ ಹೊನ್ನಾರು ಕಟ್ಟಿ ಎತ್ತುಗಳನ್ನೂ ನೇಗಿಲನ್ನೂ ಪೂಜಿಸುವ ನಾಡು ನಮ್ಮದು. ಉಳುಮೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ರೈತನು ಏತಕ್ಕಾಗಿ ಉಳುತ್ತಾನೆಂಬುದನ್ನು ವಿಚಾರಿಸಿದರೆ ನಾಲ್ಕು ಕಾರಣಗಳು ದೊರೆಯುತ್ತವೆ: ಕಳೆಯನ್ನು ಕೊಲ್ಲುವುದು, ಗೊಬ್ಬರವನ್ನು ಮಣ್ಣಿನಲ್ಲಿ ಬೆರೆಸುವುದು, ಗಟ್ಟಿಯಾದ ನೆಲವನ್ನು ಸಡಿಲಿಸುವುದು, ಬಿತ್ತುವುದಕ್ಕೆ ಹದವಾದ ಪುಡಿಮಣ್ಣನ್ನು ಒದಗಿಸಿಕೊಳ್ಳುವುದು. ಹತ್ತು ಎಕರೆಯ ಹೊಲದಲ್ಲಿ ಇವನ್ನು ಬೇರೆ ರೀತಿಯಲ್ಲಿ ಸಾಧಿಸುವುದು ಕಷ್ಟ. ಆದರೆ ಮನೆಯ ಮುಂದಿನ ನಾಲ್ಕು ಮಡಿಗಳಲ್ಲಿ ಈ ನಾಲ್ಕನ್ನೂ ಗುದ್ದಲಿಯಿಲ್ಲದೆಯೇ ನೆರವೇರಿಸಬಹುದು. ಕಳೆಯನ್ನು ಕತ್ತಲೆ ಕೊಲ್ಲುತ್ತದೆ. ಗೊಬ್ಬರವನ್ನು ಎರೆಹುಳು ಕೆಳಕ್ಕೆ ಒಯ್ಯುತ್ತದೆ. ನೆಲವನ್ನು ಬೇರುಗಳೂ ಹುಳುಗಳೂ ಸಡಿಲಿಸುತ್ತವೆ. ಪುಡಿಮಣ್ಣಿನ ಸ್ಥಾನವನ್ನು ಮೇಲೆ ಹರಡಿದ ಕಳಿತ ಗೊಬ್ಬರವೇ ವಹಿಸುತ್ತದೆ.

ಎರೆಹುಳುವಿನ ಕೆಲಸವನ್ನು ಅಲ್ಪವೆಂದು ಎಣಿಸಬಾರದು. ಚಾರ್ಲ್ಸ್ ಡಾರ್ವಿನ್ ಮಹಾಶಯನು ೧೮೮೧ರಲ್ಲಿ ಈ ಹುಳುಗಳನ್ನು ಕುರಿತೇ ಒಂದು ಗ್ರಂಥವನ್ನು ಬರೆದು, ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಅವು ಪ್ರತಿ ಎಕರೆಯಲ್ಲಿಯೂ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣನ್ನು ತಮ್ಮ ದೇಹದ ಮೂಲಕ ಸಾಗಿಸಿ ಮೇಲಕ್ಕೆ ತರುತ್ತವೆಂದು ಲೆಕ್ಕಹಾಕಿದನು. ನೇಗಿಲು ಹುಟ್ಟುವುದಕ್ಕೆ ಎಷ್ಟೋ ಮುಂಚಿನಿಂದ ನೆಲವನ್ನು ಉಳುತ್ತಿದ್ದುದು ಈ ಪ್ರಾಣಿಯೇ. ಅದು ಕೊರೆದ ಬಿಲಗಳೇ ಮಳೆಯ ನೀರು ಇಳಿಯುವ ಕಾಲುವೆಗಳು; ಬೇರುಗಳಿಗೆ ಗಾಳಿ ಒದಗುವ ಕಿಟಕಿಗಳು. ಇದಲ್ಲದೆ ಬಹುತೇಕ ಗಿಡಗಳ ಬೇರುಗಳನ್ನು ಆಶ್ರಯಿಸಿ, ಕಣ್ಣಿಗೆ ಕಾಣದಷ್ಟು ನವುರಾದ ಶಿಲೀಂಧ್ರದ ಎಳೆಗಳು ಮಣ್ಣಿನಲ್ಲಿ ಹರಡಿರುತ್ತವೆ. ಬೇರು ಮುಟ್ಟಲಾರದ ಎಡೆಯಿಂದ ರಂಜಕ ಮೊದಲಾದ ಸತ್ತ್ವಗಳನ್ನು ತಂದುಕೊಟ್ಟು, ಗಿಡದಿಂದ ಸಕ್ಕರೆಯನ್ನು ಕೂಲಿಯಾಗಿ ಪಡೆಯುವುದು ಅವುಗಳ ಧರ್ಮ. ಗುದ್ದಲಿಯ ಪ್ರತಿಯೊಂದು ಪೆಟ್ಟಿಗೂ ಈ ಬಿಲಗಳು ಕುಸಿಯುತ್ತವೆ, ಈ ಎಳೆಗಳು ಹರಿಯುತ್ತವೆ. ನೆಲವು ಒಮ್ಮೆಗೇ ಗಾಳಿಗೆ ತೆರೆದುಕೊಂಡಾಗ ಅದರಲ್ಲಿದ್ದ ಸಸ್ಯಾಂಶವು ಬೇಗ ಕಳಿತು ಕರಗಿಹೋಗುತ್ತದೆ. ನಮ್ಮಂಥ ಬೆಚ್ಚನೆಯ ಸೀಮೆಯಲ್ಲಿ ಈ ನಷ್ಟವು ಇನ್ನೂ ಶೀಘ್ರ. ಅಲ್ಲದೆ ಆಳದಲ್ಲಿ ಮಲಗಿದ್ದ ಕಳೆಯ ಬೀಜಗಳು ಬೆಳಕನ್ನು ಕಂಡು ಮೊಳೆಯುತ್ತವೆ.

ಆದರೂ ಅತಿಶಯೋಕ್ತಿ ಸಲ್ಲದು. ಅರುವತ್ತಮೂರು ದೇಶಗಳಲ್ಲಿ ನಡೆದ ೬೧೦ ಪ್ರಯೋಗವರದಿಗಳನ್ನು ವಿಜ್ಞಾನಿಗಳು ಒಟ್ಟುಗೂಡಿಸಿ ಪರೀಕ್ಷಿಸಿ, ೨೦೧೫ರಲ್ಲಿ ಪ್ರಕಟಿಸಿದ ಫಲಿತಾಂಶವಿದು: ಉಳದ ಹೊಲದ ಇಳುವರಿಯು ಉತ್ತ ಹೊಲದ್ದಕ್ಕಿಂತ ಸರಾಸರಿಯಲ್ಲಿ ನೂರಕ್ಕೆ ೫.೭ರಷ್ಟು ಕಡಮೆ. ಉಳದಿರುವುದರ ಜೊತೆಗೆ ಬೆಳೆಯ ಉಳಿಕೆಯನ್ನು ನೆಲಕ್ಕೆ ಹೊದಿಸಿ, ಬೆಳೆಗಳನ್ನು ಬದಲಾಯಿಸುತ್ತಾ ಹೋದರೆ ಆ ನಷ್ಟವು ನೂರಕ್ಕೆ ೨.೫ಕ್ಕೆ ಇಳಿಯಿತು, ಮಳೆಯನ್ನೇ ನಂಬಿದ ಒಣಸೀಮೆಗಳಲ್ಲಿ ಹೀಗೆ ಮಾಡಿದಾಗ ಇಳುವರಿಯು ನೂರಕ್ಕೆ ೭.೩ರಷ್ಟು ಹೆಚ್ಚಿತು. ಇವು ಹೊಲದ ಬೆಳೆಗಳ ಲೆಕ್ಕ. ಮನೆಯ ಮಡಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಇದರಿಂದ ಕಲಿಯಬೇಕಾದ ಪಾಠ ಒಂದುಂಟು. ಅಗೆಯುವುದನ್ನು ಸುಮ್ಮನೆ ಬಿಟ್ಟುಬಿಟ್ಟರೆ ಲಾಭವಿಲ್ಲ; ಅದರ ಬದಲಿಗೆ ಹೊದಿಕೆಯೂ ಗೊಬ್ಬರವೂ ಬೆಳೆಯ ಸರದಿಯೂ ಬರಬೇಕು. ಅಗೆಯದ ತೋಟವೆಂದರೆ ದುಡಿಯದ ತೋಟವೆಂದು ಯಾರೂ ತಿಳಿಯಬಾರದು.

ಕೆಲಸಕ್ಕೆ ಕೈಹಾಕುವ ಮೊದಲು ಮೂರು ಪರೀಕ್ಷೆಗಳು ಅವಶ್ಯಕ. ಮೊದಲನೆಯದು ಬಿಸಿಲಿನದು. ದಿನಕ್ಕೆ ಐದಾರು ಗಂಟೆಯಾದರೂ ನೇರವಾದ ಬಿಸಿಲು ಬೀಳದೆಡೆಯಲ್ಲಿ ಬದನೆ, ಬೆಂಡೆಗಳು ಕಾಯಿ ಕಚ್ಚುವುದಿಲ್ಲ. ನೆರೆಯವರ ಮಹಡಿಯ ನೆರಳು ಎಲ್ಲಿಯವರೆಗೆ ಬರುತ್ತದೆಂಬುದನ್ನು ಗುರುತು ಮಾಡಿಕೊಳ್ಳತಕ್ಕದ್ದು. ಎರಡನೆಯದು ನೆಲದ ಗಟ್ಟಿತನದ್ದು. ಪಟ್ಟಣದ ನಿವೇಶನಗಳಲ್ಲಿ ಮನೆ ಕಟ್ಟುವಾಗ ತಳಪಾಯದ ಮಣ್ಣನ್ನೂ ಇಟ್ಟಿಗೆಚೂರನ್ನೂ ಅಂಗಳಕ್ಕೆ ಹರಡಿ ಅದರ ಮೇಲೆಯೇ ಹುಲ್ಲನ್ನು ಹಚ್ಚುವುದುಂಟು. ಒಳ್ಳೆಯ ಮಳೆ ಬಿದ್ದ ಮಾರನೆಯ ದಿನ ಬೆರಳ ಗಾತ್ರದ ಕಬ್ಬಿಣದ ಸರಳನ್ನು ಒತ್ತಿ ನೋಡಬೇಕು. ಅದು ಅರ್ಧ ಅಡಿಯೂ ಇಳಿಯದಿದ್ದರೆ, ಆ ನೆಲವನ್ನು ಒಂದೇ ಒಂದು ಸಲ ಹಾರೆಯಿಂದ ಚುಚ್ಚಿ, ಮಣ್ಣನ್ನು ಮಗುಚದೆ ಮೀಟಿ ಸಡಿಲಿಸುವುದು ಯುಕ್ತ. ಇದರಿಂದ ನಮ್ಮ ನಿಯಮಕ್ಕೆ ಭಂಗವೇನೂ ಬಾರದು. ಮೂರನೆಯದು ಸೀಸದ ವಿಚಾರ. ಹಳೆಯ ಬಣ್ಣಗಳಲ್ಲಿ ಸೀಸವಿರುತ್ತಿದ್ದಿತು. ಭಾರತದಲ್ಲಿ ೨೦೦೦ದವರೆಗೆ ಪೆಟ್ರೋಲಿನಲ್ಲಿಯೂ ಇದ್ದಿತು. ಇದು ಮಣ್ಣಿನಿಂದ ಬೇಗ ಹೋಗತಕ್ಕ ವಸ್ತುವಲ್ಲ. ಆದಕಾರಣ ಬಣ್ಣ ಉದುರುತ್ತಿರುವ ಹಳೆಯ ಗೋಡೆಯ ಬುಡದಲ್ಲಿಯೂ, ವಾಹನಸಂಚಾರ ಹೆಚ್ಚಾದ ರಸ್ತೆಯ ಅಂಚಿನಲ್ಲಿಯೂ ಸೊಪ್ಪು, ಗೆಡ್ಡೆಗಳನ್ನು ಬೆಳೆಯದೆ ಹೂವಿನ ಗಿಡಗಳನ್ನು ಇಡುವುದು ಕ್ಷೇಮ. ಸಂದೇಹವಿದ್ದರೆ ಮಣ್ಣನ್ನು ಪರೀಕ್ಷೆ ಮಾಡಿಸಬೇಕು.

ಇನ್ನು ಹುಲ್ಲಿನ ಸಂಹಾರ. ಪರದೇಶದ ಪುಸ್ತಕಗಳನ್ನು ನೋಡಿದರೆ, ಹುಲ್ಲಿನ ಮೇಲೆ ರಟ್ಟನ್ನು ಹಾಸಿ, ಗೊಬ್ಬರವನ್ನು ಹರಡಿ, ಅಂದೇ ಸಸಿ ನೆಡಬಹುದೆಂದು ಬರೆದಿರುವುದು ಕಾಣುತ್ತದೆ. ಅಲ್ಲಿನ ಹುಲ್ಲುಗಳಲ್ಲಿ ಅನೇಕವು ತೆಂಡೆಯಾಗಿ ಬೆಳೆಯತಕ್ಕವಾದ್ದರಿಂದ ಆ ಮಾತು ಅಲ್ಲಿಗೆ ಸರಿ. ನಮ್ಮ ಹುಲ್ಲುಹಾಸುಗಳಾದರೋ ಬಹುಮಟ್ಟಿಗೆ ಹಬ್ಬುವ ಜಾತಿಯವು. ಅವುಗಳಲ್ಲಿ ವಿನಾಯಕನಿಗೆ ಪ್ರಿಯವಾದ ಗರಿಕೆಯ ಛಲವು ಎಲ್ಲಕ್ಕಿಂತ ಹೆಚ್ಚು. ಅದು ನೆಲದ ಮೇಲೆ ಬಳ್ಳಿಯನ್ನೂ ನೆಲದೊಳಗೆ ಬಿಳಿಯ ಕಾಂಡವನ್ನೂ ಓಡಿಸುತ್ತದೆ. ಗುದ್ದಲಿಯಿಂದ ಕತ್ತರಿಸಿದರೆ ಪ್ರತಿಯೊಂದು ಗೆಣ್ಣೂ ಒಂದು ಹೊಸ ಗಿಡವಾಗುತ್ತದೆ. ಆದ್ದರಿಂದ ಗರಿಕೆಯ ನೆಲವನ್ನು ಅಗೆಯುವುದೆಂದರೆ ಗರಿಕೆಯನ್ನು ನೆಟ್ಟಂತೆಯೇ. ಬರಿಯ ರಟ್ಟನ್ನು ಹಾಸಿದರೆ ಸಂದುಗಳಲ್ಲಿ ತೂರಿಕೊಂಡು ತಿಂಗಳೊಳಗೆ ಮೇಲಕ್ಕೆ ಬರುತ್ತದೆ.

ಇದಕ್ಕೆ ಮದ್ದು ತಾಳ್ಮೆ. ಫೆಬ್ರವರಿಯ ಕೊನೆಯಲ್ಲಿ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಕತ್ತರಿಸಿದ್ದನ್ನು ಅಲ್ಲಿಯೇ ಬಿಟ್ಟು, ಚೆನ್ನಾಗಿ ನೀರುಣಿಸಿ, ಬೆಳಕು ತೂರದ ಕಪ್ಪು ಟಾರ್ಪಾಲನ್ನು ಹೊದಿಸಿ, ಅಂಚುಗಳ ಮೇಲೆ ಇಟ್ಟಿಗೆಗಳನ್ನು ಹೇರಬೇಕು. ಕೆಳಗಿನ ತೇವವು ಆರದಂತೆ ಎರಡು ವಾರಕ್ಕೊಮ್ಮೆ ನೋಡಿಕೊಳ್ಳಬೇಕು. ಕೊಲ್ಲಬೇಕಾದ ಹುಲ್ಲಿಗೆ ನೀರೇಕೆ ಎಂದರೆ, ಒಣಗಿದ ನೆಲದಲ್ಲಿ ಗರಿಕೆಯು ನಿದ್ರಿಸುತ್ತಾ ಕಾಲವನ್ನು ಕಳೆಯುತ್ತದೆ. ತೇವವಿದ್ದರೆ ಬೆಳಕನ್ನು ಹುಡುಕಿಕೊಂಡು ಬಿಳಿಚಿದ ಕುಡಿಗಳನ್ನು ಮೇಲೆಮೇಲೆ ಹೊರಡಿಸಿ, ಬೇರಿನಲ್ಲಿ ಕೂಡಿಟ್ಟ ಆಹಾರವನ್ನು ವೆಚ್ಚಮಾಡಿಕೊಳ್ಳುತ್ತದೆ. ಆದಾಯವಿಲ್ಲದೆ ಗಂಟನ್ನು ಕರಗಿಸುವ ಸಂಸಾರವು ಎಷ್ಟು ದಿನ ನಡೆದೀತು? ಮೇ ತಿಂಗಳ ಕೊನೆಗೆ, ಕೃತ್ತಿಕೆಯ ಮಳೆ ಮುಗಿದು ರೋಹಿಣಿ ಹುಟ್ಟುವ ವೇಳೆಗೆ, ಹೊದಿಕೆಯನ್ನು ತೆಗೆದು, ಇನ್ನೂ ಜೀವವಿರುವ ಬಿಳಿಯ ಕಾಂಡಗಳನ್ನು ಕೈಯಿಂದ ಎಳೆದು ಆರಿಸಿಹಾಕಬೇಕು. ತುಂಗೆಹುಲ್ಲು ಇದ್ದರೆ ಇಷ್ಟರಿಂದಲೂ ಸಾಯದು. ಅದರ ಗೆಡ್ಡೆಗಳು ಆಳದಲ್ಲಿರುತ್ತವೆ, ಅದರ ಮೊನಚು ಮೊಳಕೆಯು ರಟ್ಟನ್ನೂ ಚುಚ್ಚಿಕೊಂಡು ಬರುತ್ತದೆ. ನಾಲ್ಕೈದು ಎಲೆ ಬಿಡುವುದರೊಳಗಾಗಿ ಪ್ರತಿ ಮೊಳಕೆಯನ್ನೂ ತಪ್ಪದೆ ಕೀಳುತ್ತಾ ಬಂದರೆ, ಒಂದೆರಡು ವರ್ಷಗಳಲ್ಲಿ ಗೆಡ್ಡೆಯು ಬಡವಾಗಿ ಹತೋಟಿಗೆ ಬರುತ್ತದೆ.

ಆಮೇಲೆ ಮಡಿಗಳನ್ನು ಗುರುತಿಸಬೇಕು. ಎರಡು ಕಡೆಯಿಂದಲೂ ಕೈ ನಡುವಿಗೆ ಎಟಕುವಂತೆ ಅಗಲವು ನಾಲ್ಕು ಅಡಿಯನ್ನು ಮೀರಕೂಡದು. ಉದ್ದವು ಹನ್ನೆರಡು ಅಡಿಯಿರಲಿ. ನಡುವೆ ಒಂದೂವರೆ ಅಡಿಯ ಕಾಲುದಾರಿ. ಇದಾದ ಮೇಲೆ ಮಡಿಯೊಳಗೆ ಯಾರೂ ಕಾಲಿಡಬಾರದು. ಅಗೆಯದ ತೋಟದ ಮೊದಲನೆಯ ಕಟ್ಟಳೆಯೇ ಇದು. ತುಳಿಯದ ನೆಲಕ್ಕೆ ಸಡಿಲಿಸುವ ಕೆಲಸವೇ ಬೀಳುವುದಿಲ್ಲ. ಉಳಿದಿರುವ ಹುಲ್ಲುಹಾಸಿಗೂ ತೋಟಕ್ಕೂ ನಡುವೆ ಅರ್ಧ ಅಡಿ ಆಳದ ಸಣ್ಣ ಕಾಲುವೆಯನ್ನು ತೆಗೆದು, ಗರಿಕೆಯ ಬಳ್ಳಿಯು ಅದನ್ನು ದಾಟದಂತೆ ತಿಂಗಳಿಗೊಮ್ಮೆ ಸವರುತ್ತಿರಬೇಕು.

ಮಡಿಯ ಮೇಲೆ ಸೆಗಣಿಯ ನೀರನ್ನು ಚಿಮುಕಿಸಿ, ರಟ್ಟನ್ನು ಹಾಸುವುದು. ಹೊಳಪಿನ ಬಣ್ಣವಿಲ್ಲದ ಕಂದು ರಟ್ಟೇ ಉತ್ತಮ. ಅದಕ್ಕೆ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿಗಳನ್ನೂ ಹೊಲಿದ ತಂತಿಗಳನ್ನೂ ಕಿತ್ತುಹಾಕಬೇಕು. ಒಂದರ ಅಂಚು ಇನ್ನೊಂದರ ಮೇಲೆ ಅರ್ಧ ಅಡಿಯಷ್ಟು ಬರುವಂತೆ ಹಾಸಿ, ನೆನೆದು ಮೆತ್ತಗಾಗುವವರೆಗೆ ನೀರು ಹಾಕಬೇಕು. ರಟ್ಟು ದೊರೆಯದಿದ್ದರೆ ರದ್ದಿಯ ವೃತ್ತಪತ್ರಿಕೆಗಳನ್ನು ಎಂಟು ಹತ್ತು ಹಾಳೆಗಳ ದಪ್ಪದಲ್ಲಿ ಹಾಸಬಹುದು. ಅದರ ಮೇಲೆ ಮೂರು ಅಂಗುಲ ದಪ್ಪಕ್ಕೆ ಕಳಿತ ಗೊಬ್ಬರ. ನಾಲ್ಕಕ್ಕೆ ಹನ್ನೆರಡು ಅಡಿಯ ಒಂದು ಮಡಿಗೆ ಇದು ಹನ್ನೆರಡು ಘನ ಅಡಿ, ಎಂದರೆ ಸುಮಾರು ೩೪೦ ಲೀಟರು. ಇಪ್ಪತ್ತು ಲೀಟರು ಹಿಡಿಯುವ ಮಂಕರಿಯಲ್ಲಿ ಹದಿನೇಳು. ಗೊಬ್ಬರವು ಚೆನ್ನಾಗಿ ಕಳಿತಿದೆಯೆಂಬುದಕ್ಕೆ ಗುರುತು, ಅದು ಮುಟ್ಟಿದರೆ ಬಿಸಿಯಿರಬಾರದು, ಮಳೆ ಬಿದ್ದ ನೆಲದ ವಾಸನೆಯ ಹೊರತು ಬೇರೆ ನಾತವಿರಬಾರದು. ಕೊನೆಗೆ ಎರಡು ಅಂಗುಲದ ಹೊದಿಕೆ: ರಾಗಿಯ ಹುಲ್ಲು, ಬತ್ತದ ಹುಲ್ಲು, ಒಣಗಿದ ತರಗು ಯಾವುದಾದರೂ ಸರಿಯೆ. ತರಗನ್ನು ಮಣ್ಣಿನಲ್ಲಿ ಬೆರೆಸಿದರೆ, ಅದು ಕಳಿಯುವಾಗ ಗಿಡಕ್ಕೆ ಸಲ್ಲಬೇಕಾದ ಸಾರಜನಕವನ್ನು ಸೆಳೆದುಕೊಳ್ಳುತ್ತದೆ. ಮೇಲೆಯೇ ಬಿಟ್ಟರೆ ಆ ಬಾಧೆಯು ಮೇಲ್ಪದರದ ತೆಳುವಾದ ಭಾಗಕ್ಕೆ ಮಾತ್ರ ಸೀಮಿತ.

ಮೊದಲ ಮುಂಗಾರಿನಲ್ಲಿ ಬದನೆ, ಮೆಣಸಿನಕಾಯಿಗಳ ಸಸಿಗಳನ್ನೂ, ಬೆಂಡೆ, ಹುರುಳಿಕಾಯಿ, ಕುಂಬಳದ ಬೀಜಗಳನ್ನೂ ಹಾಕಬಹುದು. ಸಸಿಯನ್ನು ಇಡುವೆಡೆಯಲ್ಲಿ ರಟ್ಟನ್ನು ಕತ್ತರಿಯಾಕಾರದಲ್ಲಿ ಸೀಳಿದರೆ ಬೇರು ಕೆಳಗಿನ ಮಣ್ಣಿಗೆ ಇಳಿಯುತ್ತದೆ. ಸೊಪ್ಪಿನ ಬೀಜಗಳು ಸಣ್ಣವಾದ್ದರಿಂದ ಆ ಸಾಲಿನಲ್ಲಿ ಹೊದಿಕೆಯನ್ನು ಸರಿಸಿ ಗೊಬ್ಬರದ ಮೇಲೆಯೇ ಬಿತ್ತಿ, ಸಸಿಗಳು ಎದ್ದ ಮೇಲೆ ಹೊದಿಕೆಯನ್ನು ಹತ್ತಿರಕ್ಕೆ ಎಳೆಯಬೇಕು. ೧೯೬೭ರಲ್ಲಿ ಸ್ಥಾಪಿತವಾಗಿ ಹೆಸರಘಟ್ಟದಲ್ಲಿ ನೆಲೆಸಿರುವ ತೋಟಗಾರಿಕೆಯ ಸಂಶೋಧನ ಸಂಸ್ಥೆಯು ನಮ್ಮ ಹವೆಗೆ ಹೊಂದುವ ತಳಿಗಳನ್ನು ಸಿದ್ಧಪಡಿಸಿದೆ. ದಂಟಿನ ಸೊಪ್ಪಿನಲ್ಲಿ ಅರ್ಕಾ ಸುಗುಣ, ಬೆಂಡೆಯಲ್ಲಿ ಅರ್ಕಾ ಅನಾಮಿಕ, ಹುರುಳಿಕಾಯಿಯಲ್ಲಿ ಅರ್ಕಾ ಕೋಮಲ್ ಎಂಬುವು ಅವುಗಳಲ್ಲಿ ಸೇರಿವೆ. ದಂಟು ಒಂದು ತಿಂಗಳಿಗೂ, ಬೆಂಡೆ ಒಂದೂವರೆ ತಿಂಗಳಿಗೂ ಕೊಯ್ಲಿಗೆ ಬರುತ್ತವೆ. ಟೊಮೇಟೊ, ಎಲೆಕೋಸು, ನವಿಲುಕೋಸುಗಳನ್ನು ಹಸ್ತ, ಚಿತ್ತೆಗಳ ಮಳೆ ಕಳೆಯುವವರೆಗೆ ತಡೆಯುವುದು ವಾಸಿ. ಮೂಲಂಗಿ, ಗಜ್ಜರಿಗಳನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಬೇಕು; ರಟ್ಟು ಇನ್ನೂ ಕಳಿಯದ ನೆಲದಲ್ಲಿ ಅವುಗಳ ಗೆಡ್ಡೆ ಕವಲೊಡೆಯುತ್ತದೆ.

ಬೆಳೆ ಮುಗಿದ ಮೇಲೆ ಗಿಡವನ್ನು ಕೀಳಬಾರದು. ನೆಲಮಟ್ಟಕ್ಕೆ ಕತ್ತರಿಸಿ, ಬೇರನ್ನು ಅಲ್ಲಿಯೇ ಕಳಿಯಬಿಡಬೇಕು. ಹುರುಳಿಕಾಯಿ, ಅವರೆಗಳ ಬೇರಿನ ಗಂಟುಗಳಲ್ಲಿ ಸೇರಿರುವ ಸಾರಜನಕವು ಹೀಗೆ ನೆಲಕ್ಕೆ ಸಲ್ಲುತ್ತದೆ. ಆದರೆ ಬದನೆ, ಟೊಮೇಟೊ ಗಿಡವು ಹಸುರಾಗಿದ್ದಂತೆಯೇ ತಟಕ್ಕನೆ ಬಾಡಿದರೆ, ಅಥವಾ ಅದರ ಬೇರು ಜಂತುಗಳಿಂದ ಗಂಟುಗಂಟಾಗಿದ್ದರೆ, ಬೇರುಸಹಿತ ತೆಗೆದು ತೋಟದ ಹೊರಗೆ ಹಾಕಬೇಕು; ಆ ಸ್ಥಳದಲ್ಲಿ ಮತ್ತೆ ಅದೇ ಜಾತಿಯ ಗಿಡವನ್ನು ಇಡಬಾರದು. ಪ್ರತಿ ಬೆಳೆಗೆ ಮುಂಚೆ ಒಂದು ಅಂಗುಲ ಗೊಬ್ಬರವನ್ನು ಮೇಲೆ ಹರಡಿದರೆ ಸಾಕು.

ನಮ್ಮಲ್ಲಿ ಈ ಕ್ರಮಕ್ಕೆ ಶತ್ರುಗಳು ಎರಡು. ಒಂದು ಗೆದ್ದಲು. ಒಣಗಿದ ರಟ್ಟೂ ಹುಲ್ಲೂ ಅದಕ್ಕೆ ಹಬ್ಬದೂಟ. ರಟ್ಟು ಯಾವಾಗಲೂ ತೇವವಾಗಿರುವಂತೆ ನೋಡಿಕೊಂಡು, ಅದರ ಕೆಳಗೆ ಬೇವಿನ ಹಿಂಡಿಯನ್ನು ಉದುರಿಸಿ, ಮನೆಯ ಗೋಡೆಗೂ ಮಡಿಗೂ ನಡುವೆ ಮೂರು ಅಡಿಯಾದರೂ ಬರಿಯ ನೆಲವನ್ನು ಬಿಡಬೇಕು. ಬಾಗಿಲು ಚೌಕಟ್ಟುಗಳನ್ನು ಗೆದ್ದಲಿಗೆ ಒಪ್ಪಿಸಿ ಬದನೆಕಾಯಿಯನ್ನು ಪಡೆಯುವುದು ಜಾಣತನವಲ್ಲ. ಇನ್ನೊಂದು ಆಫ್ರಿಕಾದಿಂದ ಬಂದು ನೆಲೆಸಿರುವ ದೊಡ್ಡ ಬಸವನಹುಳು. ಮಳೆಗಾಲದಲ್ಲಿ ಹೊದಿಕೆಯ ಕೆಳಗೆ ಅಡಗಿದ್ದು ರಾತ್ರಿ ಸಸಿಗಳನ್ನು ಸವರಿಹಾಕುತ್ತದೆ. ಜಡಿಮಳೆಯ ದಿನಗಳಲ್ಲಿ ಎಳೆಯ ಸಸಿಗಳ ಬುಡದಿಂದ ಹೊದಿಕೆಯನ್ನು ದೂರಕ್ಕೆ ಸರಿಸಿ, ಕತ್ತಲಾದ ಮೇಲೆ ದೀಪವನ್ನು ಹಿಡಿದು, ಬರಿಗೈಯಿಂದ ಮುಟ್ಟದೆ ಅವುಗಳನ್ನು ಆರಿಸಿ ಉಪ್ಪುನೀರಿನಲ್ಲಿ ಹಾಕುವುದೇ ಉಪಾಯ.

ಇಷ್ಟು ಗೊಬ್ಬರಕ್ಕೆ ಎಲ್ಲಿಗೆ ಹೋಗುವುದು? ನಮ್ಮ ಬೀದಿಗಳನ್ನು ನೋಡಿರಿ. ಜನವರಿಯಿಂದ ಮಾರ್ಚಿಯವರೆಗೆ ಮಳೆಮರ, ಹೊಂಗೆ ಮೊದಲಾದ ಸಾಲುಮರಗಳು ಎಲೆಯನ್ನು ಉದುರಿಸುತ್ತವೆ. ಅದನ್ನು ಗುಡಿಸಿ ಬೆಂಕಿಯಿಟ್ಟು ಹೊಗೆಯನ್ನು ಕುಡಿಯುವುದಕ್ಕಿಂತ, ನಾಲ್ಕು ಗೋಣಿಚೀಲಗಳಲ್ಲಿ ತಂದಿಟ್ಟುಕೊಂಡರೆ ವರ್ಷದ ಹೊದಿಕೆಯಾಯಿತು. ಅಡಿಗೆಮನೆಯ ಸಿಪ್ಪೆಯ ಒಂದು ಪಾಲಿಗೆ ಎರಡು ಮೂರು ಪಾಲು ತರಗನ್ನು ಬೆರೆಸಿ ರಾಶಿಹಾಕಿದರೆ ಕೆಲವು ತಿಂಗಳುಗಳಲ್ಲಿ ಗೊಬ್ಬರವಾಗುತ್ತದೆ. ಈ ವಿದ್ಯೆಗೆ ನಮ್ಮ ದೇಶದ ಸಂಸ್ಥಾನಗಳು ಸಲ್ಲಿಸಿದ ಸೇವೆ ಸ್ಮರಣೀಯವಾದದ್ದು. ಆಲ್ಬರ್ಟ್ ಹೋವರ್ಡ್ ಪಂಡಿತನು ಹೋಳ್ಕರರ ಇಂದೂರಿನಲ್ಲಿ ರೂಪಿಸಿ ೧೯೩೧ರಲ್ಲಿ ಪ್ರಕಟಿಸಿದ ಇಂದೂರು ಪದ್ಧತಿಯು ಲೋಕಪ್ರಸಿದ್ಧ. ೧೯೩೯ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು, ಊರಿನ ಕಸವನ್ನು ಗುಂಡಿಗಳಲ್ಲಿ ಪದರಪದರವಾಗಿ ತುಂಬಿ, ಮಣ್ಣಿನಿಂದ ಮೆತ್ತಿ, ತಿರುವಿಹಾಕದೆಯೇ ಗೊಬ್ಬರವನ್ನು ಪಡೆಯುವ ಕ್ರಮವನ್ನು ಕಂಡುಹಿಡಿದರು. ಅದು ಇಂದಿಗೂ ಬೆಂಗಳೂರು ಪದ್ಧತಿಯೆಂಬ ಹೆಸರಿನಿಂದಲೇ ಪುಸ್ತಕಗಳಲ್ಲಿ ಕಾಣುತ್ತದೆ. ಊರಿನ ಮಲವನ್ನೂ ಸೇರಿಸುತ್ತಿದ್ದ ಆ ಕ್ರಮವನ್ನು ಮನೆಯ ಸೊಪ್ಪಿನ ಮಡಿಗೆ ಇದ್ದಂತೆಯೇ ತರಕೂಡದಾದರೂ, ಕಸವೆಂಬುದು ಸ್ಥಳ ತಪ್ಪಿದ ಗೊಬ್ಬರವೆಂಬ ಅದರ ತತ್ತ್ವವು ನಮಗೆ ಸಲ್ಲತಕ್ಕದ್ದು.

ಇದಿಷ್ಟರಿಂದ ಸಂಸಾರಕ್ಕೆ ಬೇಕಾದ ತರಕಾರಿಯೆಲ್ಲಾ ಅಂಗಳದಲ್ಲಿಯೇ ಬೆಳೆದುಬಿಡುವುದೆಂದು ನಾನು ಹೇಳಲಾರೆ. ಮೊದಲ ವರ್ಷ ಗೊಬ್ಬರಕ್ಕೂ ಟಾರ್ಪಾಲಿಗೂ ಕೊಡುವ ಹಣದಲ್ಲಿ ಮಾರುಕಟ್ಟೆಯಿಂದ ಅದಕ್ಕಿಂತ ಹೆಚ್ಚು ಕಾಯಿಪಲ್ಯವನ್ನು ತರಬಹುದು. ಎರಡನೆಯ ವರ್ಷದಿಂದ ವೆಚ್ಚವು ಇಳಿಯುತ್ತದೆ, ಮಣ್ಣು ಏರುತ್ತದೆ. ಹುಲ್ಲುಹಾಸನ್ನು ಪೂರ್ತಿಯಾಗಿ ತೆಗೆದುಬಿಡಬೇಕೆಂಬ ಹಟವೂ ಬೇಡ. ಮಕ್ಕಳು ಹೊರಳಾಡುವುದಕ್ಕೆ, ವಯಸ್ಸಾದವರು ಸಂಜೆಯಲ್ಲಿ ಕುಳಿತುಕೊಳ್ಳುವುದಕ್ಕೆ 
ಒಂದಿಷ್ಟು ಹಸುರು ಇರಲಿ. ಈ ವರ್ಷ ಒಂದೇ ಮಡಿಯನ್ನು ಮಾಡಿ, ಅದರಿಂದ ತೃಪ್ತಿಯಾದರೆ ಮುಂದಿನ ವರ್ಷ ಇನ್ನೊಂದು. ಹೊದಿಕೆಯನ್ನು ಎತ್ತಿ ನೋಡಿದಾಗ ಮಣ್ಣು ಕಪ್ಪಾಗಿ, ಬೆರಳಿಗೆ ಪುಡಿಯಾಗಿ, ಎರೆಹುಳುಗಳಿಂದ ತುಂಬಿರುವುದು ಕಂಡರೆ ಕ್ರಮವು ಫಲಿಸಿತೆಂದು ತಿಳಿಯತಕ್ಕದ್ದು. ಗಿಡವನ್ನು ಸಾಕುವುದಕ್ಕಿಂತ ಮೊದಲು ಮಣ್ಣನ್ನು ಸಾಕಬೇಕು. ಸಾಕಿದ ಮಣ್ಣು ತಾನಾಗಿಯೇ ಗಿಡವನ್ನು ಸಾಕುತ್ತದೆ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು, ಬರುವ ಬೇಸಗೆಯಲ್ಲಿ ಕೊಳಾಯಿಯನ್ನು ಹುಲ್ಲಿನ ಕಡೆಗೆ ತಿರುಗಿಸುವ ಮುನ್ನ ತಾವು ಒಂದು ಗಳಿಗೆ ಆಲೋಚಿಸಬೇಕೆಂದು ಪ್ರಾರ್ಥಿಸಿ, ಈ ಭಾಷಣವನ್ನು ಮುಗಿಸುತ್ತೇನೆ.